ಒಂದು ಚುಚ್ಚುಮದ್ದು ಸಾಲದು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಬೀದಿಯಿಂದ ಎತ್ತಿಕೊಂಡು ಬಂದ ನಾಯಿಮರಿಯ ಚಿತ್ರವನ್ನು ನಿನ್ನಮ್ಮ ದಿನಕ್ಕೆ ಹತ್ತು ಸಲ ನೋಡುತ್ತಿದ್ದಾಳೆ. ಅದಕ್ಕೆ ಮೊದಲ ಲಸಿಕೆಯಾಯಿತು, ಭಾನುವಾರ ಪಾರ್ಕಿಗೆ ಕರೆದೊಯ್ಯುತ್ತೇನೆ ಎಂದು ನೀನು ಬರೆದದ್ದನ್ನು ಓದಿಯೇ ಈ ಪತ್ರಕ್ಕೆ ಕುಳಿತೆ. ದಯವಿಟ್ಟು ಈಗಲೇ ಕರೆದೊಯ್ಯಬೇಡ.

ನೀನು ಮೂರು ವರ್ಷದವಳಿದ್ದಾಗ ನಮ್ಮಲ್ಲೊಂದು ಕಂದು ಮರಿಯಿತ್ತು. ಅದಕ್ಕೆ ಒಂದು ಚುಚ್ಚುಮದ್ದು ಕೊಡಿಸಿ, ಚೀಟಿಯಲ್ಲಿ ಬರೆದಿದ್ದ ಎರಡನೆಯ ದಿನಾಂಕವನ್ನು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ನಾನು ಮರೆತೆ. ಒಂದು ಬೆಳಿಗ್ಗೆ ಅದು ಅನ್ನಕ್ಕೆ ಮೂಗು ತಾಗಿಸಿ ಹಿಂದೆ ಸರಿಯಿತು. ಸಂಜೆಗೆ ವಾಂತಿ, ಮರುದಿನ ರಕ್ತ ಬೆರೆತ ಭೇದಿ. ನಾಯಿಮರಿಗಳ ಕರುಳಿಗೆ ತಗಲುವ ಪಾರ್ವೋ ಎಂಬ ವೈರಸ್ ರೋಗದ ಹೆಸರನ್ನು ನಾನು ಕೇಳಿದ್ದೇ ಆಗ. ಮೂರನೆಯ ದಿನ ತೆಂಗಿನ ಬುಡದಲ್ಲಿ ಗುಂಡಿ ತೋಡಿದೆ.

ಒಂದೇ ಲಸಿಕೆ ಏಕೆ ಸಾಲದೆಂಬುದು ನನಗೆ ತಿಳಿದದ್ದು ಆಮೇಲೆ. ಕರುವಿಗೆ ಗಿಣ್ಣು ಹೇಗೋ ನಾಯಿಮರಿಗೂ ತಾಯಿಯ ಮೊದಲ ಹಾಲು ಹಾಗೆಯೇ. ಅದರಿಂದ ಬಂದ ರೋಗನಿರೋಧಕ ಶಕ್ತಿ ಕೆಲವು ವಾರ ಮರಿಯನ್ನು ಕಾಯುತ್ತದೆಯಾದರೂ, ಆ ಅವಧಿಯಲ್ಲಿ ಕೊಟ್ಟ ಲಸಿಕೆಯನ್ನೂ ಅದೇ ಶಕ್ತಿ ನಿಷ್ಫಲಗೊಳಿಸಿಬಿಡಬಹುದು. ಅದು ಯಾವ ವಾರ ಇಳಿಯುತ್ತದೆಂಬುದು ಮರಿಯಿಂದ ಮರಿಗೆ ಬೇರೆಯಾದ್ದರಿಂದ, 6ರಿಂದ 8 ವಾರದೊಳಗೆ ಆರಂಭಿಸಿ, 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೂ ಕೊಡಿಸುತ್ತಲೇ ಇರಬೇಕು. ರೇಬೀಸ್ ಲಸಿಕೆ 3 ತಿಂಗಳು ತುಂಬಿದ ಮೇಲೆ, ಮತ್ತೆ ವರ್ಷದ ಬಳಿಕ. ಆ ಮರಿಯ ಹಾಲುಹಲ್ಲು ತಾಗಿ ನಿನ್ನ ಕೈ ಗೀರಿದ್ದರೆ, ಸಣ್ಣದೆಂದು ಸುಮ್ಮನಿರದೆ, ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ವೈದ್ಯರಲ್ಲಿಗೆ ಹೋಗು.

ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಯಲ್ಲಿ ಮನೆಗೂ ಬರುತ್ತದೆ. ಆದ್ದರಿಂದ ಚಪ್ಪಲಿಯನ್ನು ಬಾಗಿಲ ಹೊರಗೇ ಬಿಡು. ಹಾಗೆಂದು ಮರಿಯನ್ನು ಕೋಣೆಯಲ್ಲಿ ಕೂಡಿಹಾಕಿದರೆ ಅದು ಅಂಜುಬುರುಕವಾಗುತ್ತದೆ. ಲೋಕ ಪರಿಚಯವಾಗಬೇಕಾದದ್ದು ಈ ವಯಸ್ಸಿನಲ್ಲೇ. ಹೆಗಲ ಮೇಲೆ ಹೊತ್ತುಕೊಂಡು ಆಟೋ, ಮಿಕ್ಸಿ, ಕುಕ್ಕರಿನ ಸದ್ದನ್ನೆಲ್ಲ ಕೇಳಿಸು. ಲಸಿಕೆಗಳೆಲ್ಲ ಮುಗಿಯುವವರೆಗೆ ಹೊರಗೆ ನೆಲಕ್ಕೆ ಮಾತ್ರ ಇಳಿಸಬೇಡ.

ಉಂಡ ಮೇಲೆ ಅದರ ಹೊಟ್ಟೆ ಮಡಕೆಯಂತೆ ಉಬ್ಬುವುದೆಂದು ನಗುತ್ತಾ ಬರೆದಿದ್ದೀಯೆ. ಅದು ಪುಷ್ಟಿಯಲ್ಲ, ಬಹುಮಟ್ಟಿಗೆ ಜಂತುಹುಳು. ತಾಯಿಯ ಗರ್ಭದಲ್ಲೇ, ಹಾಲಿನಲ್ಲೇ ಅವು ಮರಿಯನ್ನು ಸೇರುತ್ತವೆ. ಮಲದಲ್ಲಿ ಬೆಂದ ಶಾವಿಗೆಯಂತೆ ಕಂಡರೆ ಗಾಬರಿಯಾಗಬೇಡ. ಔಷಧಿಯ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ ಪ್ರತಿ ಸಲವೂ ಮರಿಯನ್ನು ತೂಗಿಸು. 3 ತಿಂಗಳವರೆಗೆ 15 ದಿನಕ್ಕೊಮ್ಮೆ, ಬಳಿಕ 6 ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವುದು ವಾಡಿಕೆ. ಹಸುವಿನ ಹಾಲು ಕುಡಿಸಿದರೆ ಹಲವು ಮರಿಗಳಿಗೆ ಭೇದಿಯಾಗುತ್ತದೆ. ನಿನ್ನಜ್ಜಿ ಇದನ್ನು ಒಪ್ಪುವುದಿಲ್ಲ, ಬಿಡು.

ಚೀಟಿಯಲ್ಲಿರುವ ಮುಂದಿನ ದಿನಾಂಕವನ್ನು ನನಗೂ ತಿಳಿಸು. ಇಲ್ಲಿ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತು ಹಾಕಿ, ಹಿಂದಿನ ರಾತ್ರಿಯೇ ಫೋನ್ ಮಾಡುತ್ತೇನೆ.

ನಿನ್ನ ಅಪ್ಪ