ನಮ್ಮ ಗುಮಾಸ್ತ ಕಾಕಾಗ, ಮತ್ತ ಉಳಿದೆಲ್ಲಾರಿಗೂ

ಮೊನ್ನೆ ಬಾರ್ ಅಸೋಸಿಯೇಷನ್‌ನವ್ರು ಸನ್ಮಾನ ಮಾಡಿದ ಫೋಟೋ ನೋಡಿ ಭಾಳ ಮಂದಿ ಮೆಸೇಜ್ ಹಾಕೀರಿ, ಫೋನ್ ಮಾಡೀರಿ, ಒಬ್ಬೊಬ್ಬರಿಗೆ ಉತ್ರ ಕೊಡಾಕ ಆಗ್ಲಿಲ್ಲ, ಅದಕ್ಕ ಎಲ್ಲಾರಿಗೂ ಸೇರಿಸಿ ಬರ್ಯಾಕತ್ತೀನಿ. 1995ರಾಗ ಸನ್ನದು ತಗೊಂಡಿದ್ದು, ಮೂವತ್ತು ವರ್ಷ ಆತು. ನಡುವ ಶಾಸಕ ಆಗಿ ಕೋರ್ಟಿನ ಮೆಟ್ಲಾ ಹತ್ತದೇ ಇದ್ದ ಐದು ವರ್ಷನೂ ಹಿಡದು ಮೂವತ್ತು ಅಂತ ಲೆಕ್ಕ ಹಾಕ್ಯಾರ, ನಾನೇನೂ ತಕರಾರು ತೆಗೀಲಿಲ್ಲ.

ನಾವು ಶುರು ಮಾಡ್ದಾಗ ಕೊಪ್ಪಳ ಇನ್ನೂ ರಾಯಚೂರು ಜಿಲ್ಲಾದಾಗಿತ್ತು, ಬ್ಯಾರೆ ಆಗಿದ್ದು 1997ರಾಗ. ಹೈಕೋರ್ಟ್ ಅಂದ್ರ ಬೆಂಗಳೂರೇ, ಹಂಪಿ ಎಕ್ಸ್‌ಪ್ರೆಸ್ ಹತ್ತಿ ಕೇಸಿನ ಬಂಡಲ್ ತಲಿ ಬುಡಕ ಇಟ್ಕೊಂಡು ಮಲಗೋದು. 2008ರಾಗ ಧಾರವಾಡಕ್ಕ ಪೀಠ ಬಂದ ಮ್ಯಾಲೆ ಆ ತ್ರಾಸು ತಪ್ತು. ಮುಂದ ಅಧಿವೇಶನಕ್ಕ ಹೋಗಾಕ ಮತ್ತ ಅದೇ ರೈಲು, ಬಂಡಲ್ ಬದ್ಲಿಗೆ ವರ್ಗಾವಣೆ ಲೆಟರ್ ಕೇಳಿದವ್ರ ಅರ್ಜಿ ಚೀಲ. ಸದನದ ಭಾಷೆ ನನಗ ಹತ್ತಾಕ ಎರಡು ವರ್ಷ ಹಿಡೀತು. ಕೋರ್ಟಿನ್ಯಾಗ ಪ್ರತಿವಾದಿ ಕೈಫಿಯತ್ತಿನ್ಯಾಗ, ಅಂದ್ರ ಬರದು ಕೊಡೋ ಉತ್ರದಾಗ, ಒಪ್ಪಬೇಕು, ಇಲ್ಲಾ ಅಲ್ಲ ಅನ್ಬೇಕು. 133 ಟಿಎಂಸಿ ಹಿಡೀತಿದ್ದ ತುಂಗಭದ್ರಾ ಡ್ಯಾಮು ಹೂಳು ತುಂಬಿ 105ಕ್ಕ ಬಂದೈತಿ, ಅದಕ್ಕ ಬದ್ಲಿ ಕಟ್ಟಬೇಕಂದಿದ್ದ ನವಲಿ ಜಲಾಶಯ ಯಾವಾಗ ಅಂತ ಕೇಳಿದ್ರ ಬರೋ ಉತ್ರದಾಗ ಎರಡೂ ಇರಂಗಿಲ್ಲ, "ಪರಿಶೀಲಿಸಲಾಗುತ್ತಿದೆ" ಅಂದ್ರ ಮುಗೀತು. 2024ರ ಆಗಸ್ಟ್‌ನ್ಯಾಗ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಎಡದಂಡೆ ರೈತರು ನಾನು ಮಾಜಿ ಅನ್ನೋದು ಮರ್ತು ರಾತ್ರಿನೇ ನನಗ ಫೋನ್ ಹಚ್ಚಿದ್ರು, ಅವ್ರಿಗೂ ಒಂದು ನಮಸ್ಕಾರ.

ನನ್ನ ಹೆಣ್ತಿ, ಮಕ್ಕಳು, ಆಫೀಸಿನ ಜೂನಿಯರ್‌ಗಳು, ಬೂತಿನ ಹುಡುಗ್ರು, ಡ್ರೈವರ್ ತಮ್ಮ, ಎದುರಿಗೆ ವಾದ ಮಾಡಿ ಹೊರಗ ಬಂದು ಚಾ ಕುಡಿಸಿದ ವಕೀಲ ಗೆಳೆಯರು, ಎಲ್ಲಾರ ಋಣಾನೂ ಐತಿ.

ಇನ್ನ ಕಾಕಾ. ನಮ್ಮ ಸೀನಿಯರ್ ಕಡೆ ಗುಮಾಸ್ತ ಆಗಿದ್ದವ, ಅವ್ರು ತೀರ್ಕೊಂಡ ಮ್ಯಾಲೆ ಡೈರಿ ಸಮೇತ ನನ್ನ ಆಫೀಸಿಗೆ ಬಂದ. ಜೂನಿಯರ್ ಇದ್ದಾಗ ನನ್ನ ತಮ್ಮಾ ಅಂತಿದ್ದ, ಕೇಸು ಹೆಚ್ಚಾದಂಗ ವಕೀಲ್ರ ಅಂದ, ಆರಿಸಿ ಬಂದ ಮ್ಯಾಲೆ ಸಾಹೇಬ್ರ ಅಂದ, ನಾನೂ ಬ್ಯಾಡ ಅನ್ಲಿಲ್ಲ.

ಎರಡನೇ ಸಲ ನಿಂತು ಸೋತ ಚುನಾವಣಿ ಫಲಿತಾಂಶದ ದಿನ ಏನಾತು ಅನ್ನೋದು ನಿಮಗ ಗೊತ್ತೈತಿ. ಬೆಳಿಗ್ಗಿ ಮನಿ ಮುಂದ ನಿಲ್ಲಾಕ ಜಾಗ ಇರ್ಲಿಲ್ಲ, ಮಧ್ಯಾಹ್ನ ಎರಡಕ್ಕ ಬಾಗಿಲಿನ್ಯಾಗಿನ ಚಪ್ಲಿ ಎಣಿಸಬಹುದಿತ್ತು. ಸಂಜಿಮುಂದ ಶಾಮಿಯಾನದವ್ರು ಬಂದು ಖುರ್ಚಿ ಒಂದ್ರ ಮ್ಯಾಲೊಂದು ಹೊಂದ್ಸಿ ಟಂಟಂಗೆ ಹೇರಿದ್ರು, ಮೊದ್ಲೇ ತರ್ಸಿಟ್ಟಿದ್ದ ಪೇಢೆ ಬಾಕ್ಸು ಪಡಸಾಲ್ಯಾಗ ಹಂಗ ಕುಂತಿದ್ವು.

ರಾತ್ರಿ ಹತ್ತಕ್ಕ ಕಾಕಾ ಬಂದ. ಒಂದು ಕೈಯಾಗ ರೊಟ್ಟಿ ಬುತ್ತಿ, ಬಗಲಾಗ ಒಂದು ಫೈಲು. ಸಮಾಧಾನದ ಮಾತು ಒಂದೂ ಆಡ್ಲಿಲ್ಲ. ನಾ ಎರಡು ತುತ್ತು ತಿನ್ನೋ ತನಕ ನೋಡ್ಕೋತ ಕುಂತು, ಆಮ್ಯಾಲೆ ಫೈಲಿನ ದಾರ ಬಿಚ್ಚಿದ. "ತಮ್ಮಾ, ಬ್ಯಾಸಿಗಿ ರಜಾ ಮುಗಿದ ಕೂಡ್ಲೆ ಈ ಯವ್ವಂದು ಐತಿ. ಅಣ್ಣನ ಕ್ರಾಸು."

ಆ ಯವ್ವ ತನ್ನ ಅಣ್ಣತಮ್ಮಂದಿರ ಮ್ಯಾಲೆ ಆಸ್ತಿ ಪಾಲಿಗೆ ಹಾಕಿದ್ದ ದಾವೆ ಅದು, ಅಣ್ಣಗ ನಾನು ಪಾಟಿಸವಾಲು ಹಾಕೋದಿತ್ತು. ಆಕಿ ನಾನು ಶಾಸಕ ಇದ್ದಾಗ ಒಂದಿನ ಮನಿಗೆ ಬಂದಿದ್ಲು, ಕೇಸು ಏನಾತಪಾ ಅಂತ. "ನಾ ಈಗ ವಕೀಲ ಅಲ್ಲಬೇ ಯವ್ವಾ, ಆಫೀಸಿನ್ಯಾಗ ಕೇಳು" ಅಂದು ಗಾಡಿ ಹತ್ತಿದ್ದೆ. ಶಾಸಕರು ವಕೀಲಿಕಿ ಮಾಡಬಾರ್ದು ಅಂತ ಇಲ್ಲ, ಸುಪ್ರೀಂ ಕೋರ್ಟೇ 2018ರಾಗ ಹೇಳೇತಿ, ನಾನೇ ಹೋಗ್ಲಿಲ್ಲ, ಆಕಿ ಡೇಟಿಗೊಮ್ಮೆ ಬಂದು ಕಾಕಾನ ಕಡೆ ಚಾ ಕುಡ್ದು ಹೋಗ್ತಿದ್ಲಂತ. ಹೆಣ್ಮಕ್ಕಳಿಗೂ ಸಮಪಾಲು ಅಂತ ಕಾನೂನು ತಿದ್ದಿದ 2005ಕ್ಕಿಂತ ಮೊದ್ಲೇ ಅಪ್ಪ ಸತ್ತಾನ, ಮಗಳಿಗೆ ಸಮಪಾಲಿಲ್ಲ ಅನ್ನೋದು ಎದುರಿನವ್ರ ತಕರಾರು. "ಅದು 2020ರ ತೀರ್ಪಿಗೆ ಬಿದ್ದೋಗೇತಲ್ಲೋ, ಸುಪ್ರೀಂ ಕೋರ್ಟಿಂದು" ಅಂತ ಹೇಳ್ತಾನ ಕಾಕಾ, ಗುಮಾಸ್ತ ವಕೀಲಗ! ತೀರ್ಪಿನ ಪ್ರತಿ ಫೈಲಿನ್ಯಾಗ ಪಿನ್ ಹಾಕಿ ಇಟ್ಟಿದ್ದ, ಪಿನ್ನಿಗೆ ತುಕ್ಕು ಹಿಡದು ಕಾಗದಕ್ಕ ಕಂದು ಕಲಿ ಬಿದ್ದಿತ್ತು.

ಆ ಕಲಿ ನೋಡಿ ಅತ್ತುಬಿಟ್ಟೆ ನೋಡ್ರಿ. ಸೋತಿದ್ದಕ್ಕ ಅಲ್ಲ. ಅಥವಾ ಅದಕ್ಕೂ ಇರಬಹುದು. ಒಳಗ ಕೇಳಬಾರ್ದಂತ ಕಾಕಾ ಎದ್ದು ಹೋಗಿ ಫ್ಯಾನ್ ಜೋರು ಮಾಡಿ ಬಂದು, ಪೆನ್ ಕೈಗೆ ಕೊಟ್ಟು, "ಮೊದ್ಲನೇ ಪ್ರಶ್ನಿ ಬರಿ" ಅಂದ. ಎರಡೂವರಿ ತನಕ ಬರಸಿದ. ಐದು ವರ್ಷ ಶಟರ್ ಎತ್ತಿ, ಬಾಡಿಗಿ ಕಟ್ಟಿ, ಫೈಲಿಗೆ ಗೆದ್ಲು ಹತ್ತದಂಗ ನೋಡ್ಕೊಂಡವ, ಅದರ ಬಗ್ಗೆ ಆವತ್ತೂ ಒಂದು ಮಾತಾಡ್ಲಿಲ್ಲ.

ಯವ್ವನ ದಾವೆ ಪ್ರಿಲಿಮಿನರಿ ಡಿಕ್ರಿ ಆಗೇತಿ, ಅಂದ್ರ ಆಕಿಗೆ ಪಾಲು ಐತಿ ಅಂತ ಕೋರ್ಟು ಹೇಳೇತಿ, ಹೊಲದ ಅಳತಿ ಇನ್ನೂ ಆಗ್ಬೇಕು.

ಫೋಟೋದಾಗ ಕಾಕಾ ಎಲ್ಲಿ ಅಂತ ಮೂರ್ನಾಕು ಮಂದಿ ಕೇಳೀರಿ. ಸ್ಟೇಜಿಗೆ ಎರಡು ಸಲ ಹೆಸರು ಕರದ್ರು, ಬರ್ಲಿಲ್ಲ. ಆ ಡಿಕ್ರಿದು ನಕಲು ತಗೊಳ್ಳಾಕ ಸಾಲಿನ್ಯಾಗ ನಿಂತಿದ್ದ.