ಅಪ್ಪನಿಗೆ ಹೇಳಬೇಕಾದ ಮಾತು

ತೀರ್ಥಹಳ್ಳಿ

ಪುಟ್ಟಿ,

ಕಾಗದ ಬಂದು ನಾಲ್ಕು ದಿನವಾಯಿತು. ಮೂರು ಹಾಳೆ ಬರೆದಿದ್ದೀಯ, ನನಗೆ ಮಾತ್ರ ಒಂದೇ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿದೆ: 'ನನಗೆ ನಂಬಿಕೆ ಉಳಿದಿಲ್ಲ ಅಂದರೆ ಅಪ್ಪ ನನ್ನನ್ನು ಮಗಳು ಅನ್ನೋದನ್ನೇ ಬಿಡ್ತಾರಾ, ದೊಡ್ಡಪ್ಪ?' ರಾತ್ರಿ ಜಗಲಿಯಲ್ಲಿ ಮಳೆ ಕೇಳುತ್ತಾ ಕೂತರೂ ಅದೇ.

ಆ ಹೆದರಿಕೆ ನನಗೂ ಇತ್ತು. 1980ರ ಫೆಬ್ರುವರಿ 16, ಸೂರ್ಯಗ್ರಹಣ. ಅಂಕೋಲೆಯಲ್ಲಿ ಪೂರ್ತಿ ಹಿಡಿಯುತ್ತದೆಂದು ಜೊತೆಯ ಮೇಷ್ಟ್ರುಗಳು ಘಟ್ಟ ಇಳಿದು ಹೋದರು. ಮಕ್ಕಳಿಗೆ ಬೋರ್ಡಿನ ಮೇಲೆ ಚಂದ್ರನ ನೆರಳು ಬರೆದು ತೋರಿಸಿದ್ದ ನಾನು, ನಿಮ್ಮಜ್ಜನ ಪಕ್ಕದಲ್ಲಿ ಬಾಗಿಲು ಹಾಕಿಕೊಂಡು ಜಪಕ್ಕೆ ಕೂತೆ. ಅಪ್ಪಯ್ಯ 'ರಾಹು ಬಿಟ್ಟ' ಅಂದರು. 'ಹೌದು' ಅಂದೆ. ಅವರು ಹೋಗಿ ಎಷ್ಟು ವರ್ಷವಾಯಿತು, ಆ 'ಹೌದು' ಇನ್ನೂ ಚುಚ್ಚುತ್ತದೆ. ನನ್ನ ಮನಸ್ಸಿನಲ್ಲಿದ್ದದ್ದನ್ನು ಅವರಿಗೆ ಒಂದು ದಿನವೂ ಹೇಳಲಿಲ್ಲ.

ಗ್ರಹಣ ನೆರಳಿನಾಟ, ತಿರುಗುವುದು ಭೂಮಿ ಎಂದು ಆರ್ಯಭಟ 499ರಲ್ಲೇ ಬರೆದಿದ್ದ. 628ರಲ್ಲಿ ಇನ್ನೊಬ್ಬ ಗಣಿತಜ್ಞ ಬ್ರಹ್ಮಗುಪ್ತ ವೇದ, ಸ್ಮೃತಿಗಳನ್ನು ಮುಂದಿಟ್ಟು ರಾಹುವಿನ ಪರ ನಿಂತ. ಲೆಕ್ಕ ಹಾಕಿದ್ದು ಮಾತ್ರ ನೆರಳಿನ ಅಳತೆಯಿಂದಲೇ! ಸುಮಾರು 1030ರಲ್ಲಿ, ನಮ್ಮ ದೇಶದ ಬಗ್ಗೆ ಬರೆದ ವಿದ್ವಾಂಸ ಅಲ್‌ಬಿರೂನಿ ಅದನ್ನು ನೋಡಿ, ಇಷ್ಟು ತಿಳಿದವನು ಮನಸ್ಸಾಕ್ಷಿಗೆ ವಿರುದ್ಧ ಬರೆಯಬೇಕಾದರೆ ವಿಷ ಕುಡಿದು ಸಾಯಬೇಕಾಗಿ ಬಂದ ಸಾಕ್ರೆಟಿಸನಿಗಾದಂಥ ಗತಿ ಏನೋ ಎದುರಾಗಿರಬೇಕು ಎಂದ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನೆದುರಿಗೆ ಯಾವ ವಿಷದ ಬಟ್ಟಲಿತ್ತು, ಪುಟ್ಟಿ? ಅಪ್ಪಯ್ಯನ ಮುಖವೊಂದೇ.

ಮಗಳು ಅನ್ನೋದನ್ನೇ ಬಿಡ್ತಾರಾ ಅಂತ ಕೇಳಿದ್ದೀಯ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂದಿದ್ದ ಗೆಲಿಲಿಯೋ 1633ರಲ್ಲಿ ಚರ್ಚಿನವರೆದುರು ಮಂಡಿಯೂರಿ ತನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡ. ಮೂರು ವರ್ಷ ವಾರಕ್ಕೊಮ್ಮೆ ಬೈಬಲಿನ ಪಶ್ಚಾತ್ತಾಪದ ಏಳು ಕೀರ್ತನೆ ಹೇಳುವುದೂ ಶಿಕ್ಷೆಯಲ್ಲಿತ್ತು. ಸನ್ಯಾಸಿನಿಯಾಗಿದ್ದ ಮಗಳು ಅದನ್ನು ತಾನು ಹೇಳುತ್ತೇನೆಂದು ವಹಿಸಿಕೊಂಡಳು. ಮುಂದಿನ ವರ್ಷವೇ ತೀರಿಹೋದಳು, ಪಾಪ. ಅವಳ ಭಕ್ತಿ ಅವಳನ್ನು ಅಪ್ಪನಿಂದ ದೂರ ಮಾಡಲಿಲ್ಲ. ನಿನ್ನಪ್ಪನ ಭಕ್ತಿಯೂ ಹಾಗೇ ಇದ್ದೀತು ಎಂದು ನನ್ನಾಸೆ. ಆಣೆ ಮಾಡಿ ಹೇಳಲಾರೆ. ಮೊದಮೊದಲು ಮಾತು ಬಿಟ್ಟಾನು.

ಬುದ್ಧಿ ಹೇಳುವ ಯೋಗ್ಯತೆ ನನಗೆಷ್ಟಿದೆಯೋ. ಆದರೂ, ಹಬ್ಬದ ದಿನ ನಾಲ್ಕು ಜನರೆದುರು ಹೇಳಬೇಡ. ತೋಟದಲ್ಲಿ ಅವನೊಬ್ಬನೇ ಇದ್ದಾಗ ಹೇಳು. ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನಗಳೂ ಬೇಡ, ಆಗ ಅವನಿಗೆ ಯಾರ ಮಾತೂ ಕಿವಿಗೆ ಬೀಳುವುದಿಲ್ಲ. 'ರಾಹು ಇಲ್ಲ' ಎಂದು ಶುರು ಮಾಡದೆ, ದೂರದರ್ಶಕದಲ್ಲಿ ನೀನು ಮೊದಲು ಕಂಡದ್ದನ್ನು ಹೇಳು. ದೀಪ ಹಚ್ಚು ಅಂದರೆ ಹಚ್ಚು, ಅದರಲ್ಲಿ ಸುಳ್ಳೇನೂ ಇಲ್ಲ ಎಂದು ನನಗನ್ನಿಸುತ್ತದೆ. ನಿನಗೆ ಹಾಗನ್ನಿಸದಿದ್ದರೆ ಬಿಡು.

ಬರುವ ಹಿಂದಿನ ದಿನ ಫೋನ್ ಮಾಡು. ಬಸ್ ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ, ಇಬ್ಬರೂ ಕೂಡಿಯೇ ಮನೆಗೆ ಹೋಗೋಣ.

ನಿನ್ನ,
ದೊಡ್ಡಪ್ಪ