ಅಂಕೋಲೆಗೆ ಹಗಲಲ್ಲೇ ಹೋಗು

ದೋಸ್ತಾ,

ಅಂಕೋಲೆಯ ಮದುವೆಗೆ ಬಳ್ಳಾರಿಯಿಂದ ರಾತ್ರಿ ಬಸ್ಸಿಗೆ ಹೋಗುತ್ತೇನೆ ಅಂತ ಬರೆದಿದ್ದೀಯ. ಬೇಡೋ. ನಸುಕಿನಲ್ಲೇ ಕಾರು ತೆಗಿ.

ನಿನ್ನ ತಲೆಯಲ್ಲಿ ಇನ್ನೂ ಅದಿರು ಲಾರಿಗಳ ಕಾಲದ ಅಂಕೋಲ–ಗುತ್ತಿ ರಸ್ತೆಯೇ ಇರಬೇಕು. ಸಂಡೂರು, ಹೊಸಪೇಟೆಯ ಕಬ್ಬಿಣದ ಅದಿರು ಅಂಕೋಲೆ ಪಕ್ಕದ ಬೇಲೆಕೇರಿ ಬಂದರಿಗೆ ಇದೇ ದಾರಿ ಹಿಡಿಯುತ್ತಿತ್ತು. ರಸ್ತೆ ಬದಿಯ ಬೇವಿನ ಗಿಡಕ್ಕೂ ಕೆಂಪು ಧೂಳು ಮೆತ್ತಿರುತ್ತಿತ್ತು, ಅಲ್ವಾ? 2010ರಲ್ಲಿ ರಾಜ್ಯ ಸರ್ಕಾರ ಅದಿರಿನ ರಫ್ತು ನಿಲ್ಲಿಸಿತು. ಮರುವರ್ಷ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳಿಗೇ ತಡೆ ಹಾಕಿತು. ಆಮೇಲೆ ಗಣಿ ಶುರುವಾದರೂ ಘಟ್ಟದವರೆಗಿನ ಆ ಲಾರಿ ಸಾಲು ಈಗಿಲ್ಲ.

ಹೊಸಪೇಟೆಯಿಂದ ಹುಬ್ಬಳ್ಳಿವರೆಗೆ ನಾಲ್ಕು ಪಥ. ಹೆದ್ದಾರಿಯ ಹಳೇ ನಂಬರು 63 ಹೋಗಿ 67 ಬಂದಿದೆ. ಹುಬ್ಬಳ್ಳಿಯಿಂದ ಮುಂದೆ 52, ಪಂಜಾಬಿನ ಸಂಗ್ರೂರಿನಿಂದ ಬರುವ ಹೆದ್ದಾರಿ.

ಹಗಲಲ್ಲಿ ಹೋಗು ಅನ್ನುವುದು ಮಣ್ಣು ನೋಡಲಿ ಅಂತ. ನಮ್ಮ ಕೊಪ್ಪಳದ ಸುತ್ತ ಬಂಡೆಗಲ್ಲು, ಮಸಾರಿ ಭೂಮಿ. ಗದಗ ದಾಟಿ ಅಣ್ಣಿಗೇರಿ ಕಡೆ ಬಂದರೆ ಬರೀ ಎರೆ, ಕಪ್ಪು ಮಣ್ಣು. ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರುಕು ಬಿಡುತ್ತದೆ. ಮೇಲೆ ಎಷ್ಟೇ ಡಾಂಬರು ಸುರಿದರೂ ಅಡಿಯ ಮಣ್ಣು ಸುಮ್ನೆ ಇರುವುದಿಲ್ಲ. ಎರೆಸೀಮೆಯಲ್ಲಿ ರಸ್ತೆ ಅಲೆಅಲೆಯಾದರೆ ಎಲ್ಲರೂ ಗುತ್ತಿಗೆದಾರನಿಗೇ ಬೈಯುತ್ತಾರೆ. ಬೈಯಲಿ, ಅರ್ಧ ಪಾಲು ಅವನದೂ ಇರುತ್ತದೆ.

ಕಲಘಟಗಿಯಿಂದ ಎಲ್ಲವೂ ತಿರುವುಮುರುವು. ನಮ್ಮ ಕಡೆಯ ನೀರು ತುಂಗಭದ್ರೆ, ಕೃಷ್ಣೆ ಸೇರಿ ಮೂಡಲ ಸಮುದ್ರಕ್ಕೆ ಹೋಗುತ್ತದೆ. ಅಲ್ಲಿಯ ಬೇಡ್ತಿ ನದಿ ಪಡುವಣಕ್ಕೆ ಹರಿಯುತ್ತದೆ. ಕಿರವತ್ತಿ ಬಂದರೆ ಕಾಡು ಶುರು. ಕೊಪ್ಪಳದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಮಳೆ ಆದರೆ ಹಬ್ಬ. ಯಲ್ಲಾಪುರದಲ್ಲಿ ಅದರ ಮೂರು ನಾಲ್ಕು ಪಟ್ಟು. ಆಮೇಲೆ ಅರಬೈಲ್ ಘಟ್ಟ. ಇಳಿದ ಮೇಲೆ ಸುಂಕಸಾಳದ ಹತ್ತಿರ ಅದೇ ಬೇಡ್ತಿ ಗಂಗಾವಳಿಯಾಗಿ ರಸ್ತೆ ಪಕ್ಕಕ್ಕೆ ಬರುತ್ತದೆ.

ಹುಬ್ಬಳ್ಳಿ–ಅಂಕೋಲ ರೈಲು 1990ರ ದಶಕದಲ್ಲೇ ಮಂಜೂರಾಗಿ ಈ ಕಾಡಿನ ಮುಂದೆ ನಿಂತುಬಿಟ್ಟಿದೆ. ನಿನಗೆ ಸಿಟ್ಟು ಬರಬಹುದು, ನನಗಂತೂ ಬೇಸರವಿಲ್ಲ. ಅಂಥ ಕಾಡು ಕಡಿದು ಅದಿರು ಸಾಗಿಸುವ ಅವಸರ ಯಾರಿಗಿದೆಯೋ.

ಘಟ್ಟದಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡರೆ ತಾಳ್ಮೆ ಇರಲಿ, ಎರಡನೇ ಗೇರಿನಲ್ಲೇ ಇಳಿ. ಹೊರಡುವ ಮೊದಲು ಬ್ರೇಕ್ ತೋರಿಸು. ಬೆಳಗ್ಗೆ ಎಂಟರೊಳಗೆ ಕೊಪ್ಪಳಕ್ಕೆ ಬಂದರೆ ಮಂಡಕ್ಕಿ ಒಗ್ಗರಣಿ, ಮಿರ್ಚಿ ನನ್ನ ಲೆಕ್ಕ. ತಡವಾದರೆ ಚಹಾ ಅಷ್ಟೇ.

ನಿನ್ನ ದೋಸ್ತ